ಅಮೀಬಾ ಯಾವ ಮನೆತನದ್ದು?

ಪ್ರಶ್ನೆ: ಶಿರಸಿ ಸೀಮೆಯ ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಪಠ್ಯಪುಸ್ತಕದಲ್ಲಿ ಅಮೀಬಾ ಪ್ರೊಟಿಸ್ಟಾ ಸಾಮ್ರಾಜ್ಯಕ್ಕೆ ಸೇರಿದೆ. ಹೊಸ ಪುಸ್ತಕ ತೆರೆದರೆ ಅಮೀಬೊಜೋವಾ ಎಂದಿದೆ, ಪ್ರೊಟಿಸ್ಟಾ ಎಂಬ ಸಾಮ್ರಾಜ್ಯವನ್ನೇ ಈಗ ಒಪ್ಪುವುದಿಲ್ಲ ಎಂದೂ ಇದೆ. ಕೇರಳದಲ್ಲಿ ಸುದ್ದಿಯಾದ ‘ಮಿದುಳು ತಿನ್ನುವ ಅಮೀಬಾ’ ನಮ್ಮ ಪಾಠದ ಅಮೀಬಾದ ಬಂಧುವೇ ಅಲ್ಲವಂತೆ. ಅಡಿಕೆಯ ಕೊಳೆರೋಗ ಶಿಲೀಂಧ್ರದಿಂದ ಬರುವುದಲ್ಲ ಎಂದು ವಿದ್ಯಾರ್ಥಿಯೊಬ್ಬ ವಾದಿಸಿದ. ಮಕ್ಕಳಿಗೆ ಏನು ಹೇಳಲಿ? ಕೆರೆಯ ನೀರಿನಲ್ಲಿ ಸಿಗುವ ಅಮೀಬಾವನ್ನು ತೋರಿಸಿ, ಅದು ಯಾವ ಗುಂಪಿನದೆಂದು ಗುರುತಿಸುವುದು ಹೇಗೆ?

ಉತ್ತರ: ಪರೀಕ್ಷೆಯ ವಿಷಯ ಮೊದಲು ಮುಗಿಸೋಣ. ನಿಮ್ಮ ಪಠ್ಯ ವಿಟ್ಟೇಕರ್ ಅವರ ಐದು ಸಾಮ್ರಾಜ್ಯಗಳ ಪದ್ಧತಿಯನ್ನು ಅನುಸರಿಸುತ್ತದೆ. ಆ ಪದ್ಧತಿಯಲ್ಲಿ ಕೇಳಿದ ಪ್ರಶ್ನೆಗೆ ‘ಪ್ರೊಟಿಸ್ಟಾ’ ಎಂಬುದೇ ಸರಿಯಾದ ಉತ್ತರ, ಮಕ್ಕಳು ಅದನ್ನೇ ಬರೆಯಲಿ. ಇಂದಿನ ಸಂಶೋಧಕರು ಬಳಸುವ ವರ್ಗೀಕರಣದಲ್ಲಿ ಅಮೀಬಾ ಪ್ರೋಟಿಯಸ್‌ನ ವಿಳಾಸ ಹೀಗಿದೆ: ಯೂಕ್ಯಾರಿಯೋಟಾ, ಅಮೀಬೊಜೋವಾ, ಟ್ಯೂಬುಲಿನಿಯಾ, ಯೂಅಮೀಬಿಡಾ, ಅಮೀಬಿಡೇ ಕುಟುಂಬ, ಅಮೀಬಾ ಜಾತಿ, ಪ್ರೋಟಿಯಸ್ ಪ್ರಭೇದ. ಎರಡೂ ಉತ್ತರಗಳು ಬೇರೆ ಬೇರೆ ಪ್ರಶ್ನೆಗಳಿಗೆ ಸಲ್ಲುತ್ತವೆ. ಮೊದಲನೆಯದು ‘ಈ ಜೀವಿ ನೋಡಲು ಎಂಥದು?’ ಎಂಬುದಕ್ಕೆ, ಎರಡನೆಯದು ‘ಇದರ ಹಿರೀಕರು ಯಾರು?’ ಎಂಬುದಕ್ಕೆ. ನೀವು ಕೇಳಿದ ಗೊಂದಲಗಳೆಲ್ಲ ಹುಟ್ಟುವುದು ಈ ಎರಡನ್ನು ಒಂದೇ ಎಂದು ತಿಳಿದಾಗ.

ತರಗತಿಯಲ್ಲಿ ಬಳ್ಳಿಯ ಉದಾಹರಣೆಯಿಂದ ಶುರು ಮಾಡಿ. ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸೂ ಬಳ್ಳಿ, ವೀಳ್ಯದೆಲೆಯೂ ಬಳ್ಳಿ, ಹಿತ್ತಲಿನ ಕುಂಬಳವೂ ಬಳ್ಳಿ, ಚಪ್ಪರದ ಅವರೆಯೂ ಬಳ್ಳಿ. ಇವುಗಳಲ್ಲಿ ಕಾಳುಮೆಣಸು, ವೀಳ್ಯದೆಲೆ ನಿಜಕ್ಕೂ ದಾಯಾದಿಗಳು, ಎರಡೂ ಪೈಪರ್ ಎಂಬ ಒಂದೇ ಜಾತಿಯವು. ಕುಂಬಳ, ಅವರೆಗಳಿಗೆ ಅವುಗಳ ಜೊತೆ ಹತ್ತಿರದ ನಂಟಿಲ್ಲ. ‘ಬಳ್ಳಿ’ ಎನ್ನುವುದು ಬದುಕುವ ಬಗೆಯನ್ನು ಹೇಳುವ ಮಾತು. ‘ಅಮೀಬಾ’ ಕೂಡ ಅಂಥದೇ ಮಾತು. ಗಟ್ಟಿ ಕೋಶಭಿತ್ತಿ ಇಲ್ಲದ ಒಂದು ಜೀವಕೋಶ ತನ್ನ ಮೈಯನ್ನೇ ಚಾಚಿ ಮಿಥ್ಯಾಪಾದ ಮಾಡಿಕೊಂಡು ತೆವಳಿದರೆ, ತಿಂಡಿಯನ್ನು ಸುತ್ತುವರಿದು ನುಂಗಿದರೆ ಅದನ್ನು ಅಮೀಬಾ ಎನ್ನುತ್ತೇವೆ. ಈ ನಡಿಗೆ ಜೀವವೃಕ್ಷದ ಹಲವು ಕೊಂಬೆಗಳಲ್ಲಿ ಕಾಣುತ್ತದೆ. ನಮ್ಮ ರಕ್ತದ ಬಿಳಿ ಕಣಗಳು ಹೀಗೆಯೇ ತೆವಳಿ ಬ್ಯಾಕ್ಟೀರಿಯಾಗಳನ್ನು ನುಂಗುತ್ತವೆ. ಹಾಗೆಂದು ಅವನ್ನು ಅಮೀಬಾದ ಮನೆಗೆ ಯಾರೂ ಸೇರಿಸುವುದಿಲ್ಲ.

ಹಾಗಾದರೆ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿದ್ದು ಏಕೆ? ಕಣ್ಣಿಗೆ ಕಂಡಿದ್ದು ಅಷ್ಟೇ ಆಗಿತ್ತು. 1755ರಲ್ಲಿ ಜರ್ಮನಿಯ ರೋಸೆಲ್ ಫಾನ್ ರೋಸೆನ್‌ಹೋಫ್ ಅಮೀಬಾವನ್ನು ಮೊದಲ ಬಾರಿಗೆ ಚಿತ್ರಿಸಿ ‘ಪುಟ್ಟ ಪ್ರೋಟಿಯಸ್’ ಎಂದು ಕರೆದರು. ಪ್ರೋಟಿಯಸ್ ಗ್ರೀಕರ ಪುರಾಣದಲ್ಲಿ ಬೇಕಾದ ರೂಪ ತಾಳಬಲ್ಲ ಕಡಲ ದೇವತೆ. ಲಿನೇಯಸ್ ಇದನ್ನು ಎಲ್ಲಿಡುವುದೆಂದು ತಿಳಿಯದೆ ಮೊದಲು ವೋಲ್ವಾಕ್ಸ್ ಎಂಬ ಹಸಿರು ಪಾಚಿಯ ಜೊತೆಗಿಟ್ಟು, ಆಮೇಲೆ ‘ಕೇಯಾಸ್’ ಎಂಬ ಜಾತಿ ಮಾಡಿದರು. 1822ರಲ್ಲಿ ಬೋರಿ ಡಿ ಸೇಂಟ್ ವಿನ್ಸೆಂಟ್ ‘ಅಮೀಬಾ’ ಎಂಬ ಹೆಸರು ತಂದರು, ಗ್ರೀಕ್ ಭಾಷೆಯಲ್ಲಿ ಬದಲಾವಣೆ ಎಂದರ್ಥ. 1866ರಲ್ಲಿ ಹೆಕೆಲ್ ಪ್ರಾಣಿ, ಸಸ್ಯಗಳ ಪಕ್ಕದಲ್ಲಿ ಪ್ರೊಟಿಸ್ಟಾ ಎಂಬ ಮೂರನೆಯ ಸಾಮ್ರಾಜ್ಯ ಸೇರಿಸಿದರು. 1969ರಲ್ಲಿ ವಿಟ್ಟೇಕರ್ ಐದು ಮಾಡಿದರು: ಮೊನೆರಾ (ಕೋಶಕೇಂದ್ರವಿಲ್ಲದವು), ಪ್ರೊಟಿಸ್ಟಾ, ಶಿಲೀಂಧ್ರ, ಸಸ್ಯ, ಪ್ರಾಣಿ. ಪ್ರೊಟಿಸ್ಟಾದ ಒಳಗೆ ಏಕಕೋಶಿಗಳನ್ನು ಚಲನೆಯ ಅಂಗ ನೋಡಿ ವಿಂಗಡಿಸಿದ್ದರು: ಮಿಥ್ಯಾಪಾದ ಇದ್ದರೆ ಒಂದು ಗುಂಪು, ಚಾಟಿಯಂಥ ಕಶಾಂಗ ಇದ್ದರೆ ಇನ್ನೊಂದು, ಸಣ್ಣ ಕೂದಲಿನಂಥ ಲೋಮಾಂಗ ಇದ್ದರೆ ಮತ್ತೊಂದು. ಹಳೆಯ ಪುಸ್ತಕಗಳ ‘ಸಾರ್ಕೊಡಿನಾ’ ಎಂದರೆ ಈ ಮಿಥ್ಯಾಪಾದದವರ ಗುಂಪು. ಬಳ್ಳಿಗಳೆಲ್ಲ ಒಂದು ಕುಟುಂಬ ಎಂದ ಹಾಗೆ ಅದು. ಆ ಕಾಲದ ಸೂಕ್ಷ್ಮದರ್ಶಕದಲ್ಲಿ ಅದಕ್ಕಿಂತ ಹೆಚ್ಚಿನದನ್ನು ನೋಡುವುದೂ ಕಷ್ಟವಿತ್ತು.

ಲೆಕ್ಕ ಬದಲಾಗಿದ್ದು ರೈಬೋಸೋಮಿನ ಆರ್‌ಎನ್‌ಎ ಓದಲು ಶುರುವಾದ ಮೇಲೆ. ಕೋಶಗಳಿರುವ ಪ್ರತಿ ಜೀವಿಯಲ್ಲೂ ಪ್ರೋಟೀನು ತಯಾರಿಸುವ ರೈಬೋಸೋಮ್ ಇದೆ, ಅದರ ಜೀನ್ ಬಹಳ ನಿಧಾನವಾಗಿ ಬದಲಾಗುತ್ತದೆ, ಹಾಗಾಗಿ ಆನೆಯನ್ನೂ ಅಮೀಬಾವನ್ನೂ ಒಂದೇ ಅಳತೆಗೋಲಿನಿಂದ ಹೋಲಿಸಬಹುದು. 1977ರಲ್ಲಿ ಕಾರ್ಲ್ ವೂಸ್, ಜಾರ್ಜ್ ಫಾಕ್ಸ್ ಇದನ್ನೇ ಬಳಸಿ ಆರ್ಕಿಯಾ ಎಂಬ ಕೋಶಕೇಂದ್ರವಿಲ್ಲದ ಏಕಕೋಶಿಗಳು ಬ್ಯಾಕ್ಟೀರಿಯಾಗಳಿಂದ ಬೇರೆ ಎಂದು ತೋರಿಸಿದರು. 1990ರಲ್ಲಿ ಬ್ಯಾಕ್ಟೀರಿಯಾ, ಆರ್ಕಿಯಾ, ಯೂಕ್ಯಾರಿಯಾ ಎಂಬ ಮೂರು ಡೊಮೇನ್‌ಗಳ ಪದ್ಧತಿ ಬಂತು. ಮೊನೆರಾ ಸಾಮ್ರಾಜ್ಯ ಅಲ್ಲಿಗೆ ಇಬ್ಭಾಗವಾಯಿತು. ಕೋಶಕೇಂದ್ರ ಇರುವ ಜೀವಿಗಳಲ್ಲಿ ಇದೇ ಕೆಲಸ ನಡೆದಾಗ ಪ್ರೊಟಿಸ್ಟಾ ಎರಡಲ್ಲ, ಹತ್ತಾರು ಕವಲಾಯಿತು. ಪ್ರಾಣಿ, ಸಸ್ಯ, ಶಿಲೀಂಧ್ರ ಆ ಕವಲುಗಳ ನಡುವೆ ಎಲ್ಲೋ ಚಿಗುರಿದ ಟಿಸಿಲುಗಳು. ಅವುಗಳನ್ನು ಕಿತ್ತು ತೆಗೆದು ಉಳಿದದ್ದಕ್ಕೆಲ್ಲ ಒಂದು ಹೆಸರಿಟ್ಟರೆ ಅದು ವಂಶವಾಗುವುದಿಲ್ಲ, ಮಿಕ್ಕವರ ಪಟ್ಟಿಯಾಗುತ್ತದೆ. ‘ಪ್ರೊಟಿಸ್ಟ್’ ಎಂಬ ಪದವನ್ನು ಸಂಶೋಧಕರು ಇಂದಿಗೂ ಅನುಕೂಲಕ್ಕೆ ಬಳಸುತ್ತಾರೆ, ಸಾಮ್ರಾಜ್ಯದ ಅರ್ಥದಲ್ಲಿ ಮಾತ್ರ ಬಳಸುವುದಿಲ್ಲ.

ಡಿಎನ್‌ಎ ನೋಡಿದರೆ ಎಲ್ಲ ತಾನಾಗಿ ತಿಳಿಯುತ್ತದೆ ಎಂಬ ಭಾವನೆ ಮಕ್ಕಳಲ್ಲಿ ಬೇಡ. ಕೆಲಸ ಹೀಗೆ ನಡೆಯುತ್ತದೆ: ಒಂದೇ ಅಮೀಬಾದಿಂದ ಬೆಳೆಸಿದ ಸಂತತಿಯನ್ನು ಕೂಡಿಟ್ಟು ಡಿಎನ್‌ಎ ತೆಗೆಯುತ್ತಾರೆ. ಡಿಎನ್‌ಎಯ ಪ್ರತಿಗಳನ್ನು ಮಾಡುವ ಪಿಸಿಆರ್ ವಿಧಾನದಿಂದ 18ಎಸ್ ರೈಬೋಸೋಮಲ್ ಜೀನನ್ನು ಹೆಚ್ಚಿಸಿಕೊಂಡು ಅದರ ಅಕ್ಷರಗಳ ಸಾಲನ್ನು ಓದುತ್ತಾರೆ. ಬಹುಪಾಲು ಜೀವಿಗಳಲ್ಲಿ ಅದು ಸುಮಾರು 1800 ಅಕ್ಷರಗಳಷ್ಟು ಉದ್ದ, ಅಮೀಬಾಗಳಲ್ಲಿ ಎಷ್ಟೋ ಸಲ ಅದಕ್ಕಿಂತ ಹೆಚ್ಚು. ಗೊತ್ತಿರುವ ಇತರ ಜೀವಿಗಳ ಸಾಲುಗಳ ಜೊತೆ ಅದನ್ನು ಸರಿಹೊಂದಿಸಿ ಗಣಕದಲ್ಲಿ ವಂಶವೃಕ್ಷ ಬರೆಸುತ್ತಾರೆ. ಕೆಡುವುದು ಎರಡು ಕಡೆ. ಅಮೀಬಾದ ಹೊಟ್ಟೆಯಲ್ಲಿ ಅದು ತಿಂದ ಪಾಚಿ, ಕಶಾಂಗಿಗಳು ಇರುತ್ತವೆ, ಎಚ್ಚರ ತಪ್ಪಿದರೆ ಊಟದ ಡಿಎನ್‌ಎಯನ್ನೇ ಉಂಡವನ ಡಿಎನ್‌ಎ ಎಂದು ಓದಿಬಿಡುತ್ತೇವೆ. ಅದಕ್ಕೇ ಸಾಕುವಾಗ ಗೊತ್ತಿರುವ ಒಂದೇ ಬಗೆಯ ಬ್ಯಾಕ್ಟೀರಿಯಾ ಮಾತ್ರ ಉಣಿಸಬೇಕು, ತೆಗೆಯುವ ಮೊದಲು ಹಸಿವಿನಲ್ಲಿ ಇಡಬೇಕು. ಎರಡನೆಯದು ಇನ್ನೂ ಮೋಸಗಾರ. ಪರಾವಲಂಬಿಗಳ ಜೀನ್‌ಗಳು ಬೇಗ ಬೇಗ ಬದಲಾಗುತ್ತವೆ. ಹಾಗೆ ಬಹಳ ಬದಲಾದ ಎರಡು ಸಾಲುಗಳು ಬಂಧುಗಳಲ್ಲದಿದ್ದರೂ ವಂಶವೃಕ್ಷದ ಬುಡದಲ್ಲಿ ಒಟ್ಟಿಗೆ ಅಂಟಿಕೊಂಡು ಕಾಣುತ್ತವೆ.

ಆಮಶಂಕೆಯ ಎಂಟಮೀಬಾ ಹಿಸ್ಟೊಲಿಟಿಕಾ ವಿಷಯದಲ್ಲಿ ಆದದ್ದು ಇದೇ. ಅದರಲ್ಲಿ ಸಾಮಾನ್ಯ ಮೈಟೊಕಾಂಡ್ರಿಯಾ (ಆಮ್ಲಜನಕ ಬಳಸಿ ಕೋಶಕ್ಕೆ ಶಕ್ತಿ ಒದಗಿಸುವ ಭಾಗ) ಕಾಣದ ಕಾರಣ, ಮೈಟೊಕಾಂಡ್ರಿಯಾ ಹುಟ್ಟುವ ಮೊದಲೇ ಕವಲೊಡೆದ ಆದಿಜೀವಿಗಳ ಸಾಲಿಗೆ ಅದನ್ನು ಸೇರಿಸಿದವರಿದ್ದರು. 1999ರಲ್ಲಿ ಅದರ ಒಳಗೆ ಮೈಟೊಸೋಮ್ ಎಂಬ ಸಣ್ಣ ಚೀಲಗಳು ಸಿಕ್ಕವು. ಅವು ಮೈಟೊಕಾಂಡ್ರಿಯಾದ ಸವೆದ ಅವಶೇಷಗಳು. ಅಂದರೆ ಅದಕ್ಕೆ ಮೈಟೊಕಾಂಡ್ರಿಯಾ ಮೊದಲು ಇತ್ತು, ಆಮ್ಲಜನಕ ತೀರ ಕಡಿಮೆ ಇರುವ ಕರುಳಿನಲ್ಲಿ ಬದುಕುತ್ತ ಕಳೆದುಕೊಂಡಿತು. ಒಂದೇ ಜೀನಿನ ಬದಲು ನೂರಾರು ಜೀನ್‌ಗಳನ್ನು ಒಟ್ಟಿಗೆ ಹೋಲಿಸಿದಾಗ ಅದು ಅಮೀಬೊಜೋವಾದ ಒಳಗೇ, ಆರ್ಕಮೀಬೇ ಎಂಬ ಕವಲಿನಲ್ಲಿ, ನೆಲೆಯಾಗಿ ನಿಂತಿತು. ಇಲ್ಲದ ಅಂಗವನ್ನು ‘ಇನ್ನೂ ಬಂದಿಲ್ಲ’ ಎಂದು ಓದಬೇಕೋ ‘ಇದ್ದದ್ದು ಹೋಗಿದೆ’ ಎಂದು ಓದಬೇಕೋ ಎಂಬುದು ವರ್ಗೀಕರಣದಲ್ಲಿ ಅತಿ ಹೆಚ್ಚು ಎಡವುವ ಜಾಗ. ಮಕ್ಕಳಿಗೆ ಇದೊಂದನ್ನು ಹೇಳಿಕೊಟ್ಟರೂ ಬಹಳ ಕಲಿಸಿದಂತೆ.

ಈಗ ತೆವಳುವ ಜೀವಿಗಳು ಎಲ್ಲೆಲ್ಲಿ ಹಂಚಿಹೋಗಿವೆ ನೋಡಿ. ಅಮೀಬೊಜೋವಾದಲ್ಲಿ ಮೂರು ದೊಡ್ಡ ಮನೆಗಳಿವೆ. ಟ್ಯೂಬುಲಿನಿಯಾದಲ್ಲಿ ಕೊಳವೆಯಂಥ ದಪ್ಪ ಮಿಥ್ಯಾಪಾದದವು: ಅಮೀಬಾ ಪ್ರೋಟಿಯಸ್, ಚಿಪ್ಪಿನೊಳಗೆ ಬದುಕುವ ಆರ್ಸೆಲ್ಲಾ, ಡಿಫ್ಲೂಜಿಯಾ. ಡಿಸ್ಕೋಸಿಯಾದಲ್ಲಿ ಚಪ್ಪಟೆ ಮೈಯವು: ಅಕಾಂತಮೀಬಾ, ಬಾಲಮುಥಿಯಾ, ಬೀಸಣಿಗೆಯಂಥ ವ್ಯಾನೆಲ್ಲಾ. ಇವೋಸಿಯಾದಲ್ಲಿ ಎಂಟಮೀಬಾ, ಅದರ ಜೊತೆಗೆ ಲೋಳೆ ಬೂಷ್ಟುಗಳು. ಮಳೆಗಾಲದಲ್ಲಿ ಕೊಳೆತ ಮರದ ದಿಮ್ಮಿಯ ಮೇಲೆ ಹಳದಿ ನೊರೆಯಂತೆ ಹರಡುವ ಫ್ಯೂಲಿಗೊ ನಿಮ್ಮ ಸೀಮೆಯಲ್ಲಿ ಹುಡುಕಲು ಯೋಗ್ಯ. ಹಳೆಯ ಸಸ್ಯಶಾಸ್ತ್ರ ಪುಸ್ತಕಗಳು ಅದನ್ನು ಶಿಲೀಂಧ್ರಗಳ ಅಧ್ಯಾಯದಲ್ಲಿ ಇಟ್ಟಿದ್ದವು. ಅದು ವಂಶದಿಂದ ಅಮೀಬಾದ ಬಳಗ, ಆದರೂ ಅದರ ಹೆಸರಿಡುವ ನಿಯಮ ಇಂದಿಗೂ ಸಸ್ಯ, ಪಾಚಿ, ಶಿಲೀಂಧ್ರಗಳ ನಿಯಮಾವಳಿಯದೇ. ಅಮೀಬಾ ಪ್ರೋಟಿಯಸ್‌ಗೆ ಪ್ರಾಣಿಗಳ ನಿಯಮಾವಳಿ. ಇದೇ ಬಳಗದ ಡಿಕ್ಟಿಯೋಸ್ಟೀಲಿಯಂ ಮಣ್ಣಿನಲ್ಲಿ ಬಿಡಿ ಬಿಡಿ ಅಮೀಬಾಗಳಾಗಿ ಬದುಕುತ್ತದೆ. ಆಹಾರ ಮುಗಿದಾಗ ಲಕ್ಷದವರೆಗೂ ಕೋಶಗಳು ಕೂಡಿ ಒಂದು ಮೈಯಾಗಿ ತೆವಳುತ್ತವೆ. ಅವುಗಳಲ್ಲಿ ಸುಮಾರು ಐದರಲ್ಲೊಂದು ಪಾಲು ಸತ್ತು ಕಾಂಡವಾಗಿ, ಉಳಿದವು ಅದರ ತುದಿಯಲ್ಲಿ ಬೀಜಕಣಗಳಾಗುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯಾನಂದ ನಂಜುಂಡಯ್ಯ ಅವರು ಈ ಜೀವಿಯನ್ನು ಬಹುಕಾಲ ಅಧ್ಯಯನ ಮಾಡಿದ್ದಾರೆ.

ಅಮೀಬೊಜೋವಾದ ಹೊರಗೆ ಹೋದರೆ ರೈಜೇರಿಯಾ ಸಿಗುತ್ತದೆ. ಅಲ್ಲಿ ಎಳೆಯಂಥ, ಬಲೆಯಂಥ ಮಿಥ್ಯಾಪಾದದವು: ಕಡಲ ತಳದ ಫೊರಾಮಿನಿಫೆರಾ, ಗಾಜಿನ ಎಲುಬಿನ ರೇಡಿಯೊಲೇರಿಯಾ, ಸಿಹಿನೀರಿನ ಯೂಗ್ಲೈಫಾ. ಆರ್ಸೆಲ್ಲಾಕ್ಕೂ ಚಿಪ್ಪಿದೆ, ಯೂಗ್ಲೈಫಾಕ್ಕೂ ಚಿಪ್ಪಿದೆ, ಎರಡೂ ಚಿಪ್ಪನ್ನು ಬೇರೆ ಬೇರೆಯಾಗಿ ಕಟ್ಟಿಕೊಂಡವು. ಸೂರ್ಯನ ಚಿತ್ರದಂತೆ ಸುತ್ತಲೂ ಸೂಜಿ ಚಾಚಿದ ಆಕ್ಟಿನೊಫ್ರಿಸ್ ಸ್ಟ್ರಾಮೆನೊಪೈಲ್‌ ಎಂಬ ಇನ್ನೊಂದು ಕೊಂಬೆಯ ಪೈಕಿ, ಡಯಾಟಮ್ ಪಾಚಿಗಳ ನಂಟ. ನ್ಯೂಕ್ಲಿಯೇರಿಯಾ ಎಂಬ ಸಣ್ಣ ಅಮೀಬಾ ಶಿಲೀಂಧ್ರಗಳ ಒಡಹುಟ್ಟು. ಶಿಲೀಂಧ್ರಗಳು, ಪ್ರಾಣಿಗಳು ಒಂದೇ ದೊಡ್ಡ ಕೊಂಬೆಯವು, ಅದಕ್ಕೆ ಒಪಿಸ್ಥೊಕಾಂಟಾ ಎಂದು ಹೆಸರು. ಹಾಗಾಗಿ ಈ ಅಮೀಬಾ ಪಾಠದ ಅಮೀಬಾಕ್ಕಿಂತ ನಮಗೇ ಹತ್ತಿರ. ಪಾಠದ ಅಮೀಬಾ ಕೂಡ ಗಿಡಮರಗಳಿಗಿಂತ ನಮಗೆ ಹತ್ತಿರವೇ, ಏಕೆಂದರೆ ಅಮೀಬೊಜೋವಾ, ಒಪಿಸ್ಥೊಕಾಂಟಾ ಕೊಂಬೆಗಳು ಒಂದೇ ಕವಲಿನಿಂದ ಬಂದವು.

ಇನ್ನು ಕೇರಳದ ವಿಷಯ. ‘ಮಿದುಳು ತಿನ್ನುವ ಅಮೀಬಾ’ ಎಂದರೆ ನೇಗ್ಲೇರಿಯಾ ಫೌಲೆರಿ, ಅದು ಇರುವುದು ಹೆಟೆರೊಲೊಬೋಸಿಯಾ ಎಂಬ ಗುಂಪಿನಲ್ಲಿ, ಅದರ ಮೇಲಿನ ಕೊಂಬೆ ಡಿಸ್ಕೋಬಾ. ಯೂಗ್ಲೀನಾ, ಕಾಳಾ ಅಜಾರ್ ತರುವ ಲೀಶ್ಮೇನಿಯಾ ಅದರ ಬಳಗ. ನೇಗ್ಲೇರಿಯಾಕ್ಕೆ ಮೂರು ರೂಪಗಳಿವೆ: ತೆವಳುವ ಅಮೀಬಾ, ಸಾಮಾನ್ಯವಾಗಿ ಎರಡು ಕಶಾಂಗಗಳ ಈಜುಗಾರ, ಗಟ್ಟಿ ಹೊದಿಕೆ ಹೊದ್ದು ವಿಶ್ರಮಿಸುವ ದುಂಡನೆಯ ಸಿಸ್ಟ್. ಅಮೀಬಾ ಪ್ರೋಟಿಯಸ್ ಎಂದೂ ಕಶಾಂಗ ಬೆಳೆಸುವುದಿಲ್ಲ. ನೀವು ಕೇಳಿದ್ದು ಸರಿ, ಎರಡಕ್ಕೂ ನಡಿಗೆ ಒಂದೇ, ಮನೆತನ ಬೇರೆ. ಕೇರಳದ ಪ್ರಕರಣಗಳಲ್ಲಿ ನೇಗ್ಲೇರಿಯಾ ಅಲ್ಲದೆ ಅಕಾಂತಮೀಬಾದಿಂದ ಬಂದವೂ ಇದ್ದವು. ಪತ್ರಿಕೆಗಳು ಎಲ್ಲವನ್ನೂ ಒಂದೇ ಹೆಸರಿನಲ್ಲಿ ಬರೆದದ್ದರಿಂದ ಗೊಂದಲ ಹೆಚ್ಚಾಯಿತು.

ವಂಶ ಬೇರೆಯಾದರೆ ರೋಗಿಗೆ ಏನು ವ್ಯತ್ಯಾಸ? ಬಹಳ. ಎಂಟಮೀಬಾ ಬಾಯಿಂದ ಒಳಹೋಗುತ್ತದೆ, ಮಲ ಸೇರಿದ ನೀರು, ಆಹಾರದಿಂದ. ಅದಕ್ಕೆ ಕೊಡುವ ಮೆಟ್ರೊನಿಡಜೋಲ್ ತಾನಾಗಿ ವಿಷವಲ್ಲ. ಆಮ್ಲಜನಕ ಬಳಸದೆ ಶಕ್ತಿ ಪಡೆಯುವ ಕೋಶದೊಳಗೆ ಹೋದಾಗ ಅಲ್ಲಿನ ಫೆರೆಡಾಕ್ಸಿನ್ ಎಂಬ ಪ್ರೋಟೀನು ಅದನ್ನು ವಿಷವಾಗಿ ಬದಲಾಯಿಸುತ್ತದೆ. ಮೈಟೊಕಾಂಡ್ರಿಯಾ ಕಳೆದುಕೊಂಡ ಕಥೆ ಇಲ್ಲಿ ಕೆಲಸಕ್ಕೆ ಬಂತು. ನೇಗ್ಲೇರಿಯಾ ಮೈಟೊಕಾಂಡ್ರಿಯಾ ಇಟ್ಟುಕೊಂಡು ಆಮ್ಲಜನಕ ಉಸಿರಾಡುವ ಜೀವಿ, ಅದಕ್ಕೆ ಆ ಮಾತ್ರೆ ಚಿಕಿತ್ಸೆಯಲ್ಲ. ಅದರ ಪೊರೆಯಲ್ಲಿ ಶಿಲೀಂಧ್ರಗಳಲ್ಲಿರುವಂಥ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಇರುವುದರಿಂದ, ಅದಕ್ಕೆ ಅಂಟಿಕೊಳ್ಳುವ ಆಂಫೋಟೆರಿಸಿನ್ ಬಿ ಕೊಡುತ್ತಾರೆ, ಜೊತೆಗೆ ಮಿಲ್ಟಿಫೋಸಿನ್ ಮುಂತಾದವನ್ನು ಸೇರಿಸುತ್ತಾರೆ. ಮಿಲ್ಟಿಫೋಸಿನ್ ಕಾಳಾ ಅಜಾರ್‌ಗೂ ಕೊಡುವ ಔಷಧ. ಹಾಗೆಂದು ಅದನ್ನು ನೇಗ್ಲೇರಿಯಾ, ಲೀಶ್ಮೇನಿಯಾಗಳ ನಂಟಿನ ಸಾಕ್ಷಿ ಎಂದು ಪಾಠ ಮಾಡಬೇಡಿ, ಅದೇ ಔಷಧವನ್ನು ದೂರದ ಅಕಾಂತಮೀಬಾಕ್ಕೂ ಬಳಸುತ್ತಾರೆ.

ನೇಗ್ಲೇರಿಯಾ ಬೆಚ್ಚಗಿನ ಸಿಹಿನೀರನ್ನು ಇಷ್ಟಪಡುತ್ತದೆ, 46 ಡಿಗ್ರಿ ಸೆಲ್ಸಿಯಸ್‌ವರೆಗೂ ಬೆಳೆಯುತ್ತದೆ. ಅದು ಒಳಹೋಗುವ ದಾರಿ ಮೂಗು, ಅಲ್ಲಿಂದ ವಾಸನೆಯ ನರದ ಗುಂಟ ಮಿದುಳಿಗೆ. ಆ ನೀರು ಕುಡಿದರೆ ಈ ರೋಗ ಬರುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ನಮ್ಮಲ್ಲಿ ಜಲನೇತಿ, ಅಂದರೆ ಮೂಗಿನೊಳಗೆ ನೀರು ಹಾಯಿಸಿ ತೊಳೆಯುವುದು, ಮಾಡುವವರು ಬಹಳ. ಅದಕ್ಕೆ ನಲ್ಲಿಯ ನೀರನ್ನಾಗಲಿ ಬಾವಿಯ ನೀರನ್ನಾಗಲಿ ಬೆಚ್ಚಗೆ ಮಾಡಿ ಹಾಗೆಯೇ ಬಳಸಬಾರದು. ನೀರು ಮರಳತೊಡಗಿದ ಮೇಲೆ ಪೂರ್ತಿ 1 ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿ, ಆಮೇಲೆ ಉಪ್ಪು ಬೆರೆಸಿ ಬಳಸಬೇಕು. ಪಾತ್ರೆಯನ್ನೂ ಅದೇ ನೀರಿನಲ್ಲಿ ತೊಳೆದು ಒಣಗಿಸಿಡಬೇಕು. ಕೆರೆ, ಹೊಂಡದಲ್ಲಿ ಈಜಿದ ಹನ್ನೆರಡು ದಿನಗಳ ಒಳಗೆ ಜ್ವರ, ಸಹಿಸಲಾಗದ ತಲೆನೋವು, ವಾಂತಿ, ಕುತ್ತಿಗೆ ಬಿಗಿತ ಕಂಡರೆ ಈಜಿದ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಪ್ರಯೋಗಾಲಯಕ್ಕೆ ಆ ಒಂದು ಮಾತು ದಾರಿ ತೋರಿಸುತ್ತದೆ. ಬೆನ್ನುಹುರಿಯ ದ್ರವವನ್ನು ಫ್ರಿಜ್ಜಿನಲ್ಲಿಟ್ಟರೆ ಅಮೀಬಾ ಚಲನೆ ನಿಲ್ಲಿಸಿ ದುಂಡಗಾಗುತ್ತದೆ, ಆಗ ಅದಕ್ಕೂ ಬಿಳಿ ರಕ್ತಕಣಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ತೆಗೆದ ತಕ್ಷಣ ಹಸಿಯಾಗಿಯೇ ನೋಡಿ, ತೆವಳುತ್ತಿದೆಯೇ ಎಂದು ಕಾಯಬೇಕು.

ಕೊಳೆರೋಗದ ಬಗ್ಗೆ ನಿಮ್ಮ ವಿದ್ಯಾರ್ಥಿ ಹೇಳಿದ್ದು ಸರಿ, ಅವನಿಗೆ ಶಾಭಾಸ್ ಹೇಳಿ. ಆ ರೋಗ ತರುವ ಫೈಟಾಫ್ತೊರಾ ನೋಡಲು ಬೂಷ್ಟಿನಂತೆ ಎಳೆ ಎಳೆಯಾಗಿ ಬೆಳೆಯುತ್ತದೆ, ಆದ್ದರಿಂದ ಶಿಲೀಂಧ್ರ ಎಂದೇ ಬಹುಕಾಲ ಬರೆದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಕೊಳೆಗೆ ಫೈಟಾಫ್ತೊರಾ ಕಾರಣ ಎಂದು ವಿವರವಾಗಿ ಬರೆದು, ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸುವ ರೂಢಿಯನ್ನು ಬೆಳೆಸಿದರು. ಅಂದು ಅದನ್ನು ಶಿಲೀಂಧ್ರವೆಂದೇ ತಿಳಿದಿದ್ದರು. ಇಂದು ಅದರ ಜಾಗ ಊಮೈಸೀಟ್‌ಗಳಲ್ಲಿ, ಅಂದರೆ ಸ್ಟ್ರಾಮೆನೊಪೈಲ್ ಕೊಂಬೆಯಲ್ಲಿ, ಡಯಾಟಮ್, ಕಂದು ಕಡಲಪಾಚಿಗಳ ಜೊತೆ. ಶಿಲೀಂಧ್ರದ ಕೋಶಭಿತ್ತಿಯಲ್ಲಿ ಕೈಟಿನ್ ಮುಖ್ಯ, ಇದರದ್ದರಲ್ಲಿ ಸೆಲ್ಯುಲೋಸ್, ಗ್ಲುಕಾನ್. ಇದರ ಬೀಜಕಣಗಳಿಗೆ ಎರಡು ಕಶಾಂಗಗಳಿವೆ, ಒಂದು ನುಣುಪು, ಒಂದರ ಮೇಲೆ ಸೂಕ್ಷ್ಮ ರೋಮಗಳು. ಗೊನೆಯ ಮೇಲೆ ನಿಂತ ನೀರಿನ ಪೊರೆಯಲ್ಲಿ ಅವು ಈಜಿ ಹರಡುತ್ತವೆ, ನಡುವೆ ಬಿಡುವು ಕೊಡದೆ (ಹೊಳವಾಗದೆ) ಮಳೆ ಹಿಡಿದ ವರ್ಷ ಕೊಳೆ ಏರುವುದು ಇದಕ್ಕೇ. ಕಾಳುಮೆಣಸಿನ ಶೀಘ್ರ ಸೊರಗು ರೋಗ ತರುವುದೂ ಇದೇ ಜಾತಿಯ ಇನ್ನೊಂದು ಪ್ರಭೇದ.

ಇದು ಬರೀ ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ಹೆಕ್ಸಕೊನಜೋಲ್, ಪ್ರೊಪಿಕೊನಜೋಲ್‌ನಂಥ ಶಿಲೀಂಧ್ರನಾಶಕಗಳು ಶಿಲೀಂಧ್ರ ತನ್ನ ಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಿಸುವುದನ್ನು ತಡೆಯುತ್ತವೆ. ಫೈಟಾಫ್ತೊರಾ ಸ್ಟೆರಾಲನ್ನು ತಾನು ತಯಾರಿಸುವುದೇ ಇಲ್ಲ. ಇಲ್ಲದ ಗಾಣಕ್ಕೆ ಬೀಗ ಹಾಕಿದ ಹಾಗೆ, ಆ ಔಷಧಿಗೆ ಕೊಟ್ಟ ದುಡ್ಡು ಕೊಳೆಯ ಮಟ್ಟಿಗೆ ವ್ಯರ್ಥವಾಯಿತು. ಮೆಟಲಾಕ್ಸಿಲ್ ಊಮೈಸೀಟ್‌ಗಳ ಆರ್‌ಎನ್‌ಎ ತಯಾರಿಯನ್ನು ತಡೆಯುವುದರಿಂದ ಇದಕ್ಕೆ ತಾಗುತ್ತದೆ, ಆದರೆ ಅದೊಂದನ್ನೇ ಮತ್ತೆ ಮತ್ತೆ ಹೊಡೆದರೆ ರೋಗಾಣು ಒಗ್ಗಿಕೊಳ್ಳುತ್ತದೆ. ಬೋರ್ಡೋ ಇಷ್ಟು ಕಾಲ ನಿಂತಿರುವುದಕ್ಕೆ ಕಾರಣ, ತಾಮ್ರ ಒಂದೇ ಜಾಗಕ್ಕೆ ಹೊಡೆಯದೆ ಬೀಜಕಣದ ಹಲವು ಕಿಣ್ವಗಳನ್ನು ಒಟ್ಟಿಗೆ ಕೆಡಿಸುತ್ತದೆ. ಅದಕ್ಕೆ ಶಿಲೀಂಧ್ರವೂ ಒಂದೇ, ಊಮೈಸೀಟೂ ಒಂದೇ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಒಳ್ಳೆಯ ಸುಟ್ಟ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು. ಪಾತ್ರೆ ಪ್ಲಾಸ್ಟಿಕ್ಕಿನದೋ ಮರದ್ದೋ ಆಗಿರಲಿ, ಕಬ್ಬಿಣ ಬೇಡ. ಹೊಳೆಯುವ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪಗೆ ತಾಮ್ರ ಹಿಡಿದಿದ್ದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಳೆಗಾಯಿ ಸುಡುತ್ತದೆ. ಗಾಳಿಗೆ ಅರಳಿ ಹಳತಾದ ಸುಣ್ಣ ಬಳಸಿದಾಗ ಹೀಗಾಗುವುದು ಹೆಚ್ಚು. ಮಾಡಿದ ದಿನವೇ ಖಾಲಿ ಮಾಡಬೇಕು, ನಿಂತರೆ ಕಣಗಳು ದಪ್ಪಗಾಗಿ ಕಾಯಿಗೆ ಅಂಟುವ ಗುಣ ಹೋಗುತ್ತದೆ. ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮೊದಲು, ಎರಡನೆಯದು 40-45 ದಿನದ ಮೇಲೆ ಹೊಳ ನೋಡಿಕೊಂಡು.

ಕೊನೆಯ ಪ್ರಶ್ನೆ, ಕೆರೆಯ ಅಮೀಬಾ. ಬಿಸಿಲಿಗೆ ಕಾದ ನಿಂತ ನೀರು ಬೇಡ. ನೆರಳಿನ ಕೆರೆಯಂಚಿನಿಂದ ತಳದ ಮೇಲ್ಪದರದ ರೊಜ್ಜು, ಕೊಳೆಯುತ್ತಿರುವ ತಾವರೆ ಎಲೆಯ ಅಡಿಭಾಗ ಕೆರೆದ ಲೋಳೆ, ಅದೇ ಕೆರೆಯ ನೀರು ತನ್ನಿ. ಅಗಲ ಬಾಯಿಯ ಬಾಟಲಿಯಲ್ಲಿ ಅರ್ಧ ಲೀಟರ್‌ನಷ್ಟು ಹಾಕಿ, ಬೇಯಿಸಿದ ಗೋಧಿ ಅಥವಾ ಅಕ್ಕಿಯ ಎರಡು ಮೂರು ಕಾಳು ಬಿಡಿ, ಬಟ್ಟೆ ಮುಚ್ಚಿ ನೆರಳಿನಲ್ಲಿ ನಾಲ್ಕರಿಂದ ಏಳು ದಿನ ಇಡಿ. ಕಾಳು ಹೆಚ್ಚಾದರೆ ನೀರು ಹಳಸಿ ಆಮ್ಲಜನಕ ಮುಗಿದು ಅಮೀಬಾಗಳು ಸಾಯುತ್ತವೆ, ವಾಸನೆ ಕೆಟ್ಟಿದ್ದರೆ ಹೊಸದಾಗಿ ಇಡುವುದೇ ಸರಿ. ಡ್ರಾಪರಿನಿಂದ ತಳದ ರೊಜ್ಜು ತೆಗೆದು ಗಾಜಿನ ಮೇಲೆ ಎರಡು ಹನಿ ಹಾಕಿ. ಕವರ್‌ಸ್ಲಿಪ್ಪಿನ ಅಡಿಗೆ ಎರಡು ಕೂದಲೆಳೆ ಇಡಿ, ಇಲ್ಲದಿದ್ದರೆ ದೊಡ್ಡ ಅಮೀಬಾ ಜಜ್ಜಿಹೋಗುತ್ತದೆ. ಅಂಚಿಗೆ ವ್ಯಾಸಲಿನ್ ಸವರಿದರೆ ಬೇಗ ಒಣಗುವುದಿಲ್ಲ. ಬಾಯಿಯಿಂದ ಪಿಪೆಟ್ ಎಳೆಯುವುದು ಬೇಡವೇ ಬೇಡ, ಮುಗಿದ ಮೇಲೆ ಬಾಟಲಿಗೆ ಕುದಿಯುವ ನೀರು ಹಾಕಿ ಚೆಲ್ಲಿ, ಮಕ್ಕಳು ಸೋಪು ಹಾಕಿ ಕೈ ತೊಳೆಯಲಿ.

ಅಮೀಬಾ ಕಾಣುತ್ತಿಲ್ಲ ಎನ್ನುವವರಲ್ಲಿ ಬಹುತೇಕರು ಬೆಳಕು ಹೆಚ್ಚು ಮಾಡಿಕೊಂಡಿರುತ್ತಾರೆ. ಅದು ಗಾಜಿನಷ್ಟು ಪಾರದರ್ಶಕ. 10ರ ಆಬ್ಜೆಕ್ಟಿವ್ ಇಟ್ಟು, ಕಂಡೆನ್ಸರಿನ ಡಯಾಫ್ರಂ ಮುಚ್ಚುತ್ತ ಬನ್ನಿ, ಅಂಚುಗಳು ಎದ್ದು ಕಾಣುತ್ತವೆ. ಅಲುಗಿದ ಅಮೀಬಾ ಮುದುಡಿಕೊಂಡಿರುತ್ತದೆ, ಐದು ನಿಮಿಷ ಬಿಟ್ಟರೆ ಮತ್ತೆ ಚಾಚುತ್ತದೆ. ಅಳತೆಗೆ ಪಾರದರ್ಶಕ ಸ್ಕೇಲನ್ನು ಕೆಳಗಿಟ್ಟು ನೋಟದ ವೃತ್ತ ಎಷ್ಟು ಮಿಲಿಮೀಟರ್ ಎಂದು ಬರೆದುಕೊಳ್ಳಿ. ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ 10ರ ಆಬ್ಜೆಕ್ಟಿವ್‌ನಲ್ಲಿ ಅದು ಸಾಮಾನ್ಯವಾಗಿ 1.8 ಮಿಮೀ ಸುತ್ತಮುತ್ತ. ವೃತ್ತದ ಕಾಲು ಭಾಗ ಹಿಡಿದ ಅಮೀಬಾ ಸುಮಾರು 0.45 ಮಿಮೀ ಎಂದಾಯಿತು.

ಗುರುತಿಸುವಾಗ ಮಿಥ್ಯಾಪಾದದ ಆಕಾರಕ್ಕೆ ಮೊದಲ ಗಮನ. ಬೆರಳಿನಂಥ ದಪ್ಪ ಚಾಚುಗಳು ಹಲವಿದ್ದು, ಮೈ 0.25ರಿಂದ 0.75 ಮಿಮೀ ಇದ್ದರೆ ಅಮೀಬಾ ಪ್ರೋಟಿಯಸ್ ಬಳಗ, ಟ್ಯೂಬುಲಿನಿಯಾ. ಇಡೀ ಮೈಯೇ ಒಂದು ಚಾಚಾಗಿ ಜಿಗಣೆಯಂತೆ ಸರಾಗ ಹರಿದರೂ ಬಹುಶಃ ಅದೇ ಮನೆ. ಹರಿಯುವ ಬದಲು ಮುಂದಿನ ಅಂಚಿನಲ್ಲಿ ಪಕ್ಕಕ್ಕೊಮ್ಮೆ ಪಕ್ಕಕ್ಕೊಮ್ಮೆ ಗುಳ್ಳೆ ಒಡೆದಂತೆ ಫಕ್ಕನೆ ಉಬ್ಬುತ್ತಿದ್ದರೆ ಹೆಟೆರೊಲೊಬೋಸಿಯಾ, ನೇಗ್ಲೇರಿಯಾದ ಗುಂಪು. ಆ ಗುಂಪಿನಲ್ಲಿ ನಿರಪಾಯಕಾರಿಗಳೇ ಹೆಚ್ಚು, ಆದರೂ ಅದನ್ನು 37 ಡಿಗ್ರಿಯಲ್ಲಿಟ್ಟು ಬೆಳೆಸುವ ಸಾಹಸ ಕಾಲೇಜಿನಲ್ಲಿ ಬೇಡ. ಚಪ್ಪಟೆ ಬೀಸಣಿಗೆಯಾಗಿ, ಮುಂದಿನ ಅರ್ಧ ಸ್ವಚ್ಛ ಗಾಜಿನಂತಿದ್ದರೆ ವ್ಯಾನೆಲ್ಲಾ. ಮೈತುಂಬ ಸಣ್ಣ ಮುಳ್ಳಿನಂಥ ಚಾಚುಗಳಿದ್ದರೆ ಅಕಾಂತಮೀಬಾ. ಕಂದು ಗುಮ್ಮಟದಂಥ ಚಿಪ್ಪು, ನಡುವೆ ದುಂಡು ಬಾಯಿ ಇದ್ದರೆ ಆರ್ಸೆಲ್ಲಾ, ಮರಳುಕಣ ಅಂಟಿಸಿಕೊಂಡ ಹೂಜಿಯಾದರೆ ಡಿಫ್ಲೂಜಿಯಾ. ಚಿಪ್ಪಿನ ಮೇಲೆ ಹೆಂಚಿನಂತೆ ಸಾಲು ಹಾಕಿದ ಗಾಜಿನ ಹಲ್ಲೆಗಳು, ಬಾಯಿಂದ ನೂಲಿನಂಥ ಎಳೆಗಳು ಬಂದರೆ ಯೂಗ್ಲೈಫಾ, ಅದು ರೈಜೇರಿಯಾ. ಚಿಪ್ಪಿಲ್ಲದೆ ನೂಲಿನಂಥ ಎಳೆ ಮಾತ್ರ ಇದ್ದರೆ ಅಲ್ಲಿಗೆ ನಿಲ್ಲಿಸಿ. ಅದು ರೈಜೇರಿಯಾದ್ದೂ ಆಗಿರಬಹುದು, ಶಿಲೀಂಧ್ರಗಳ ಒಡಹುಟ್ಟು ನ್ಯೂಕ್ಲಿಯೇರಿಯಾವೂ ಆಗಿರಬಹುದು, ಕಾಲೇಜಿನ ಸೂಕ್ಷ್ಮದರ್ಶಕ ಅದನ್ನು ಬೇರ್ಪಡಿಸುವುದಿಲ್ಲ. ‘ಎಳೆಪಾದದ ಅಮೀಬಾ, ಗುಂಪು ತಿಳಿಯಲು ಡಿಎನ್‌ಎ ಬೇಕು’ ಎಂದು ಬರೆದ ರೆಕಾರ್ಡ್ ಪುಸ್ತಕಕ್ಕೆ ಪೂರ್ತಿ ಅಂಕ ಕೊಡಿ.

ರೆಕಾರ್ಡಿನಲ್ಲಿ ಹೆಸರು ಬರೆಯುವಾಗ ಜಾತಿಯ ಹೆಸರನ್ನು ಮೊದಲ ಸಲ ಪೂರ್ತಿ ಬರೆಸಿ. ‘ಇ. ಕೋಲೈ’ ಎಂದು ಮೊಟಕು ಮಾಡಿದರೆ ಅದು ಎಶ್ಚೆರಿಕಿಯಾ ಕೋಲೈ ಎಂಬ ಬ್ಯಾಕ್ಟೀರಿಯಾವೂ ಹೌದು, ಎಂಟಮೀಬಾ ಕೋಲೈ ಎಂಬ ನಿರುಪದ್ರವಿ ಅಮೀಬಾವೂ ಹೌದು. ಮಲಪರೀಕ್ಷೆಯ ವರದಿಯಲ್ಲಿ ಈ ಗೊಂದಲ ಬೇಡ. ಎಂಟಮೀಬಾ ಕೋಲೈನ ಬಲಿತ ಸಿಸ್ಟಿನಲ್ಲಿ ಎಂಟು ಕೋಶಕೇಂದ್ರ, ಹಿಸ್ಟೊಲಿಟಿಕಾದ್ದರಲ್ಲಿ ನಾಲ್ಕು. ನಾಲ್ಕು ಕಂಡರೂ ಅದು ರೋಗ ತರದ ಎಂಟಮೀಬಾ ಡಿಸ್ಪಾರ್ ಆಗಿರಬಹುದು, ಸಿಸ್ಟ್ ಎರಡರದ್ದೂ ಒಂದೇ ಥರ. ಇವೆರಡು ಬೇರೆ ಪ್ರಭೇದಗಳೆಂದು 1993ರಲ್ಲಿ ಖಚಿತವಾಯಿತು. ಬೇರ್ಪಡಿಸಲು ಆಂಟಿಜನ್ ಪರೀಕ್ಷೆ ಅಥವಾ ಪಿಸಿಆರ್ ಬೇಕು. ಕೆಂಪು ರಕ್ತಕಣ ನುಂಗಿದ, ತೆವಳುತ್ತಿರುವ ಅಮೀಬಾ ಕಂಡರೆ ಮಾತ್ರ ಸೂಕ್ಷ್ಮದರ್ಶಕದಲ್ಲೇ ಹಿಸ್ಟೊಲಿಟಿಕಾ ಎಂದು ಬಲವಾಗಿ ಶಂಕಿಸಬಹುದು.